ಬೋರ್ಡಿನಲ್ಲಿ ಉಂಟು, ಪಾರ್ಕಿನಲ್ಲಿ ಬಂದ್: ಥೀಮ್ ಪಾರ್ಕ್ ಜಾಹೀರಾತಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಸಿಕ್ಕಿತು ಅಂದರೆ ಉಡುಪಿ, ಮಂಗಳೂರಿನ ಮನೆಗಳಲ್ಲಿ ಒಂದೇ ಚರ್ಚೆ. ಶಿರಾಡಿ ಘಾಟಿ ಹತ್ತಿ ಬೆಂಗಳೂರಿನ ಕಡೆ ಹೋಗುವುದಾ, ರೈಲು ಹತ್ತಿ ಕೊಚ್ಚಿಗೆ ಹೋಗುವುದಾ, ಇಲ್ಲ ಮೈಸೂರಾ? ಎಲ್ಲ ಕಡೆಯೂ ಪಾರ್ಕ್ ಉಂಟು, ಎಲ್ಲದರ ರೀಲ್ಸೂ ಮಕ್ಕಳ ಕೈಯ ಮೊಬೈಲಿಗೆ ಮೊದಲೇ ಬಂದಿರುತ್ತದೆ.

ನಾನು ಉಡುಪಿಯ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಒಂಬತ್ತು ವರ್ಷ ಫ್ಲೆಕ್ಸ್ ಡಿಸೈನ್ ಮಾಡಿದವನು. ಎರಡು ಮಕ್ಕಳ ಅಪ್ಪನೂ ಹೌದು. ಹಾಗಾಗಿ ಫ್ಲ್ಯಾಟಿನವರು, ನೆಂಟರು, ಮಗನ ಕ್ಲಾಸಿನ ಮಕ್ಕಳ ಅಪ್ಪ ಅಮ್ಮಂದಿರು ನನ್ನನ್ನೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಈ ಜಾಹೀರಾತುಗಳು ನಿಜಕ್ಕೂ ಮೋಸ ಮಾಡ್ತವಾ?

ಹಸಿ ಸುಳ್ಳು ಹೇಳುವವರು ಕಡಿಮೆ. ಇಲ್ಲದ ರೈಡನ್ನು ಇದೆ ಅಂತ ಬರೆಯುವ ಧೈರ್ಯ ದೊಡ್ಡ ಪಾರ್ಕಿನವರು ಮಾಡುವುದಿಲ್ಲ. ಇರುವ ರೈಡ್ ಈಗ ಓಡುತ್ತಿಲ್ಲ ಅನ್ನುವುದನ್ನು ಹೇಳದೆ ಬಿಡುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ‘ಉಂಟಾ?’ ಅಂತ ಕೇಳಿದರೆ ‘ಉಂಟು’ ಅನ್ನುತ್ತಾರೆ. ಅದು ನಿಜವೇ. ‘ಓಡ್ತದಾ?’ ಅಂತ ಕೇಳಿದರೆ ಆಗ ಬೇರೆ ಉತ್ತರ ಬರುತ್ತದೆ.

ನಮ್ಮದೇ ಕಥೆ ಹೇಳುತ್ತೇನೆ. ಎರಡು ವರ್ಷದ ಹಿಂದಿನ ಮೇ ತಿಂಗಳು. ನಾನು, ಹೆಂಡತಿ, ಅಮ್ಮ, ಇಬ್ಬರು ಮಕ್ಕಳು, ಜೊತೆಗೆ ಭಾವನ ಮನೆಯವರು ನಾಲ್ಕು ಜನ. ರಾತ್ರಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ಘಟ್ಟದ ಮೇಲಿನ ಒಂದು ಪಾರ್ಕಿಗೆ ಹೋದೆವು. ಹೆಸರು ಬೇಡ. ಮಗ ಎರಡು ತಿಂಗಳಿಂದ ಒಂದೇ ಚಿತ್ರ ತೋರಿಸುತ್ತಿದ್ದ: ಕೆಂಪು ಬಣ್ಣದ ರೋಲರ್ ಕೋಸ್ಟರ್, ಕೈ ಮೇಲೆತ್ತಿ ಕೂಗುವ ಮಕ್ಕಳು. ಪಾರ್ಕಿನ ಎಲ್ಲ ಜಾಹೀರಾತಿನಲ್ಲೂ ಅದೇ ಮೊದಲು.

ಟಿಕೆಟ್ ತೆಗೆದು, ಬ್ಯಾಗ್ ಚೆಕ್ ಮಾಡಿಸಿ, ಮನೆಯಿಂದ ತಂದ ಅವಲಕ್ಕಿ ಡಬ್ಬಿ ಗೇಟಿನಲ್ಲೇ ಬಿಟ್ಟು ಒಳಗೆ ಹೋದರೆ, ಮಗ ಓಡಿದ್ದೇ ಆ ಕೆಂಪು ಕೋಸ್ಟರಿಗೆ. ಸರಪಳಿ ಕಟ್ಟಿತ್ತು. ಸರಪಳಿಗೆ ಒಂದು ಎ-ಫೋರ್ ಹಾಳೆ ನೇತು ಹಾಕಿದ್ದರು: ‘ಅಂಡರ್ ಮೇಂಟೆನೆನ್ಸ್’. ಪಕ್ಕದಲ್ಲಿ ನಿಂತ ಹುಡುಗ, ‘ಇವತ್ತು ಸ್ವಲ್ಪ ಪ್ರಾಬ್ಲಮ್ ಸರ್’ ಅಂದ. ನನ್ನ ಕಣ್ಣು ಹೋದದ್ದು ಹಾಳೆಯ ಮೇಲೆ. ಅದು ಲ್ಯಾಮಿನೇಷನ್ ಮಾಡಿದ ಹಾಳೆ. ನಾಲ್ಕು ಮೂಲೆ ಬಿಸಿಲಿಗೆ ಹಳದಿಯಾಗಿತ್ತು, ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಬಿಟ್ಟು ಒಳಗೆ ಮಳೆ ನೀರು ಹೋಗಿ ಶಾಯಿ ಹರಡಿತ್ತು. ದಿನಕ್ಕೆ ಹತ್ತು ಲ್ಯಾಮಿನೇಷನ್ ಹೊಡೆದವನು ನಾನು. ಒಂದು ದಿನದ ರಿಪೇರಿಗೆ ಯಾರೂ ಲ್ಯಾಮಿನೇಷನ್ ಮಾಡಿಸುವುದಿಲ್ಲ ಮಾರಾಯ್ರೆ.

ಅದೇ ಹೊತ್ತಿಗೆ ಹೊರಗೆ ಟಿಕೆಟ್ ಕೌಂಟರಿನ ಮೇಲಿನ ಬೋರ್ಡಿನಲ್ಲಿ ಆ ಕೆಂಪು ಕೋಸ್ಟರ್ ಮಿಂಚುತ್ತಿತ್ತು. ನನ್ನ ಸಿಟ್ಟು ಅದರ ಮೇಲೆ. ರೈಡ್ ಕೆಟ್ಟದ್ದಕ್ಕೆ ಅಲ್ಲ.

ಇಂಥ ಜಾಹೀರಾತನ್ನು ಮಾಡುವುದು ಹೇಗೆ? ಫೋಟೋ ಎಲ್ಲಿಂದ ಬರುತ್ತದೆ?

ದೊಡ್ಡ ಪಾರ್ಕಿನವರಿಗೆ ಏಜೆನ್ಸಿ ಇರುತ್ತದೆ, ತಮ್ಮದೇ ಶೂಟಿಂಗ್ ಇರುತ್ತದೆ. ಆ ಶೂಟಿಂಗ್ ಪಾರ್ಕಿನ ಒಳ್ಳೆಯ ದಿನ ನಡೆಯುತ್ತದೆ. ಗೇಟ್ ತೆರೆಯುವ ಮೊದಲು, ಕ್ಯೂ ಇಲ್ಲದಾಗ, ನೀರು ನೀಲಿಯಾಗಿರುವಾಗ. ಅದೇ ಫೋಟೋವನ್ನು ಐದಾರು ವರ್ಷ ಓಡಿಸುತ್ತಾರೆ. ರೈಡ್ ಬಿಚ್ಚಿ ಗುಜರಿಗೆ ಹೋದರೂ ಫೋಟೋ ಮಾತ್ರ ಉಳಿಯುತ್ತದೆ.

ನಮ್ಮಂಥ ಅಂಗಡಿಗೆ ಬರುವುದು ಸಣ್ಣ ಪಾರ್ಕ್, ಊರೂರು ತಿರುಗುವ ಎಕ್ಸಿಬಿಷನ್, ರೆಸಾರ್ಟಿನವರು. ಪಾರ್ಟಿ ಬಂದು ಮ್ಯಾಟರ್ ಬರೆದ ಚೀಟಿ ಕೊಡುತ್ತಾರೆ. ‘ಫೋಟೋ?’ ಅಂದರೆ, ‘ಗೂಗಲ್‌ನಲ್ಲಿ ನೋಡಿ ಒಳ್ಳೇದು ಹಾಕಿ’ ಅನ್ನುತ್ತಾರೆ. ನಾನೇ ಹಾಕಿದ್ದೇನೆ, ಸುಳ್ಳು ಹೇಳುವುದಿಲ್ಲ. ಒಂದು ಎಕ್ಸಿಬಿಷನ್ನಿನ 20 ಅಡಿ ಅಗಲದ ಫ್ಲೆಕ್ಸಿಗೆ ಯಾವುದೋ ದೇಶದ ಅಕ್ವೇರಿಯಮ್ಮಿನ ಗಾಜಿನ ಸುರಂಗ ಹಾಕಿದೆ, ಮೇಲೆ ತಿಮಿಂಗಿಲದಂಥ ಒಂದು ಮೀನು. ಆಮೇಲೆ ಮಗಳನ್ನು ಕರೆದುಕೊಂಡು ಅಲ್ಲಿಗೇ ಹೋದೆ. ಸುರಂಗ ಇತ್ತು. ಮೂವತ್ತು ಹೆಜ್ಜೆ. ಎರಡೂ ಬದಿ ಸಾಲಾಗಿ ಇಟ್ಟ ಗಾಜಿನ ತೊಟ್ಟಿಗಳು, ಒಳಗೆ ಗೋಲ್ಡ್ ಫಿಶ್. ಮಗಳು ಕೇಳಿದಳು, ‘ಅಪ್ಪಾ, ನೀನು ಮಾಡಿದ ಮೀನು ಎಲ್ಲಿ?’ ಉತ್ತರ ಹೇಳಲಿಕ್ಕೆ ಆಗಲಿಲ್ಲ.

ಆ ಮೇಲೆ ಪಾರ್ಟಿಯನ್ನು ‘ನಿಮ್ಮದೇ ಫೋಟೋ ಉಂಟಾ?’ ಅಂತ ಕೇಳಲು ಶುರುಮಾಡಿದೆ. ಕೆಲವರು ಕೊಟ್ಟರು. ಕೆಲವರು ಬೇರೆ ಅಂಗಡಿಗೆ ಹೋದರು.

‘50ಕ್ಕೂ ಹೆಚ್ಚು ರೈಡ್’ ಅಂತ ಬರೆದಿರುತ್ತಾರೆ. ಆ ಲೆಕ್ಕ ಸರಿಯಾ?

ಲೆಕ್ಕ ಸರಿಯೇ ಇರಬಹುದು. ಎಣಿಸುವ ರೀತಿಯಲ್ಲಿ ಆಟ ಇದೆ. ನಾಲ್ಕು ಜಾರುವ ಪೈಪ್ ಒಂದೇ ಅಟ್ಟಣಿಗೆಯಿಂದ ಇಳಿದರೆ ನಿಮಗೆ ಅದು ಒಂದು ಸ್ಲೈಡ್, ಅವರಿಗೆ ನಾಲ್ಕು. ಪುಟ್ಟ ಮಕ್ಕಳ ತಿರುಗುವ ಕುದುರೆ ಒಂದು, ರೇನ್ ಡ್ಯಾನ್ಸ್ ಒಂದು, ಕನ್ನಡಿ ಕೋಣೆ ಒಂದು. ದುಡ್ಡು ಬೇರೆ ಕೊಡಬೇಕಾದದ್ದೂ ಕೆಲವೊಮ್ಮೆ ಪಟ್ಟಿಯಲ್ಲಿ ಸೇರಿರುತ್ತದೆ. ರಿಪೇರಿಗೆ ನಿಂತದ್ದನ್ನು ಯಾರೂ ಕಳೆಯುವುದಿಲ್ಲ.

ಸಂಖ್ಯೆ ನೋಡಿ ಟಿಕೆಟ್ ತೆಗೆಯಬೇಡಿ. ನಿಮ್ಮ ಮಕ್ಕಳಿಗೆ ಬೇಕಾದ ನಾಲ್ಕು ರೈಡಿನ ಹೆಸರು ಬರೆದುಕೊಳ್ಳಿ. ಆ ನಾಲ್ಕರ ಬಗ್ಗೆ ಮಾತ್ರ ಕೇಳಿ.

ಎತ್ತರದ ವಿಷಯ ಗೇಟಿಗೆ ಹೋದ ಮೇಲೆಯೇ ಗೊತ್ತಾಗುವುದು ಯಾಕೆ?

ಇದು ನನ್ನ ಪ್ರಕಾರ ಕುಟುಂಬಗಳಿಗೆ ಆಗುವ ಅತಿ ದೊಡ್ಡ ಮೋಸ, ಆದರೆ ಇದರ ಬಗ್ಗೆ ದೂರು ಕೊಡುವವರು ಕಡಿಮೆ.

ಎತ್ತರದ ನಿಯಮ ಸುರಕ್ಷತೆಗೆ ಬೇಕೇ ಬೇಕು. ಸೀಟಿನ ಬಾರ್ ಎಷ್ಟು ದೊಡ್ಡ ಮೈಗೆ ಹಿಡಿಯುತ್ತದೆ ಅನ್ನುವುದರ ಮೇಲೆ ಅದು ನಿಂತಿದೆ. ‘ಒಂದು ಇಂಚು ಕಡಿಮೆ, ಬಿಡಿ ಸರ್’ ಅಂತ ಹುಡುಗನ ಹತ್ತಿರ ಗಲಾಟೆ ಮಾಡುವ ಅಪ್ಪಂದಿರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಆದರೆ ಆ ನಿಯಮ ಜಾಹೀರಾತಿನಲ್ಲಿ ಎಲ್ಲಿದೆ? ಚಿತ್ರದಲ್ಲಿ ಅಪ್ಪ, ಅಮ್ಮ, ಏಳು ವರ್ಷದ ಮಗ ಒಟ್ಟಿಗೆ ಕೂತು ಕೂಗುತ್ತಿರುತ್ತಾರೆ. ಪಾರ್ಕಿನಲ್ಲಿ ಆ ಏಳು ವರ್ಷದವನು ಕೆಳಗೆ ಅಜ್ಜಿಯ ಜೊತೆ ನಿಂತಿರುತ್ತಾನೆ.

ನಮ್ಮ ಲೆಕ್ಕ ಕೇಳಿ. ಮಗ ಆಗ 118 ಸೆಂಟಿಮೀಟರ್. ಹೋದ ಪಾರ್ಕಿನ ದೊಡ್ಡ ರೈಡುಗಳಿಗೆ 140 ಬೇಕಿತ್ತು. ಅಂದರೆ ಕೆಂಪು ಕೋಸ್ಟರ್ ಓಡುತ್ತಿದ್ದರೂ ಅವನಿಗೆ ಸಿಗುತ್ತಿರಲಿಲ್ಲ! ಇದು ನನಗೆ ಗೊತ್ತಾದದ್ದು ಸರಪಳಿಯ ಪಕ್ಕದ ಅಳತೆ ಕಂಬ ನೋಡಿದ ಮೇಲೆ. ಮಗಳು 97 ಸೆಂಟಿಮೀಟರ್, ಅವಳಿಗೆ ಮಕ್ಕಳ ಕೊಳ, ತಿರುಗುವ ಕುದುರೆ, ಪುಟ್ಟ ರೈಲು. ಅಮ್ಮನಿಗೆ ಮಂಡಿ ನೋವು, ಬಿಪಿ. ಅವರು ಆ ರೈಲಿನಲ್ಲಿ ಒಂದು ಸುತ್ತು ಕೂತು, ಉಳಿದ ದಿನವೆಲ್ಲ ಚಪ್ಪಲಿ ಕಾಯುತ್ತಾ ಮರದ ಕೆಳಗೆ ಕೂತರು. ಅವರಿಗೂ ಪೂರ್ತಿ ಟಿಕೆಟ್. ಹಿರಿಯರಿಗೆ ರಿಯಾಯಿತಿ ಇತ್ತಂತೆ, ಗುರುತಿನ ಚೀಟಿಯ ಮೂಲ ಪ್ರತಿ ತರಬೇಕಿತ್ತಂತೆ.

ಹೊರಡುವ ಮೊದಲು ಮನೆಯ ಬಾಗಿಲಿಗೆ ಮಕ್ಕಳನ್ನು ನಿಲ್ಲಿಸಿ, ಚಪ್ಪಲಿ ಬಿಚ್ಚಿಸಿ, ಅಳೆಯಿರಿ. ಪಾರ್ಕಿನ ವೆಬ್‌ಸೈಟಿನಲ್ಲಿ ರೈಡ್ ಪ್ರಕಾರ ಎತ್ತರ ಕೊಟ್ಟಿದ್ದರೆ ಆ ಪಾರ್ಕಿನವರು ಸ್ವಲ್ಪ ನೆಟ್ಟಗೆ ಇದ್ದಾರೆ ಅಂತ ಲೆಕ್ಕ. ಹುಡುಕಿದರೂ ಸಿಗದಿದ್ದರೆ ಫೋನ್ ಮಾಡಿ.

ರೈಡ್ ರಿಪೇರಿಗೆ ನಿಲ್ಲಿಸಿದರೆ ಅದೂ ತಪ್ಪಾ? ಮಕ್ಕಳ ಜೀವ ಮುಖ್ಯ ಅಲ್ವಾ?

ಖಂಡಿತ ಮುಖ್ಯ. ಸಂಶಯ ಬಂದ ರೈಡನ್ನು ನಿಲ್ಲಿಸುವ ಪಾರ್ಕಿಗೆ ಕೈ ಮುಗಿಯಬೇಕು. ಬೆಳಗ್ಗೆ ಸರಿ ಇದ್ದದ್ದು ಮಧ್ಯಾಹ್ನ ಕೆಡಬಹುದು. ಸಿಡಿಲು ಬಂದರೆ ಎತ್ತರದ ರೈಡ್, ನೀರಿನ ಕೊಳ ಎಲ್ಲ ನಿಲ್ಲಿಸಲೇಬೇಕು. ಮೇ ತಿಂಗಳ ಸಂಜೆಯ ಗುಡುಗು ಮಳೆ ಯಾರ ಕೈಯಲ್ಲೂ ಇಲ್ಲ.

ಆದರೆ ವರ್ಷಕ್ಕೊಮ್ಮೆಯ ದೊಡ್ಡ ಸರ್ವಿಸ್ ಹಾಗಲ್ಲ. ಅದು ತಿಂಗಳ ಮೊದಲೇ ಗೊತ್ತಿರುತ್ತದೆ. ಟೋಕಿಯೋ ಡಿಸ್ನಿ ರೆಸಾರ್ಟ್ ತನ್ನ ವೆಬ್‌ಸೈಟಿನಲ್ಲಿ ಯಾವ ರೈಡ್ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಬಂದ್ ಅಂತ ಮುಂಚೆಯೇ ಹಾಕುತ್ತದೆ. ಅದನ್ನು ನೋಡಿ ಜನ ಪ್ರಯಾಣದ ದಿನ ಗೊತ್ತು ಮಾಡುತ್ತಾರೆ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಒಂದು ಪುಟ, ಒಂದು ಪಟ್ಟಿ. ನಮ್ಮವರಿಗೆ ಆ ಪಟ್ಟಿ ಹಾಕಿದರೆ ಬುಕಿಂಗ್ ಕಡಿಮೆಯಾಗುವ ಹೆದರಿಕೆ. ಗೊತ್ತಿದ್ದೂ ಹೇಳದೆ ಇರುವುದು ಅಲ್ಲಿಂದ ಶುರು.

ನಮ್ಮ ಕರಾವಳಿಯಲ್ಲೂ ಹೀಗೆ ಆಗುತ್ತದಾ?

ಇಲ್ಲಿ ದೊಡ್ಡ ಥೀಮ್ ಪಾರ್ಕ್ ಇಲ್ಲ. ಮಂಗಳೂರಿನ ಹತ್ತಿರ ಪಿಲಿಕುಳದ ಕಡೆ ಒಂದು ವಾಟರ್ ಪಾರ್ಕ್ ಇದೆ. ಪಿಲಿಕುಳ ನಿಸರ್ಗಧಾಮದಲ್ಲಿ ಪ್ರಾಣಿ ಸಂಗ್ರಹಾಲಯ, ವಿಜ್ಞಾನ ಕೇಂದ್ರ, 2018ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ತಾರಾಲಯ ಇವೆ. ಉಳಿದಂತೆ ನಮ್ಮ ಥೀಮ್ ಪಾರ್ಕ್ ಅಂದರೆ ಕಡಲೇ.

ಕಡಲಿನ ಜಾಹೀರಾತಿನಲ್ಲಿ ಮೋಸ ಮಾಡುವುದು ಹೆಚ್ಚಾಗಿ ಹಳೆಯ ವಿಡಿಯೋ. 2022ರ ಮೇ ತಿಂಗಳಲ್ಲಿ ಮಲ್ಪೆಯಲ್ಲಿ ತೇಲುವ ಸೇತುವೆ ಹಾಕಿದರು. ಅಲೆಯ ಮೇಲೆ ಜನ ನಡೆಯುವ ವಿಡಿಯೋ ಊರೆಲ್ಲ ಓಡಿತು. ಕೆಲವೇ ದಿನಗಳಲ್ಲಿ ಕಡಲು ಅಬ್ಬರಿಸಿ ಅದು ಕಿತ್ತುಹೋಯಿತು. ಅದಕ್ಕೆ ಯಾರನ್ನೂ ಬೈಯುವುದು ಬೇಡ. ಆದರೆ ಸೇತುವೆಗಿಂತ ವಿಡಿಯೋದ ಆಯುಷ್ಯ ಗಟ್ಟಿ. ಎಷ್ಟೋ ದಿನದ ಮೇಲೂ ಹುಬ್ಬಳ್ಳಿಯ ದೊಡ್ಡಮ್ಮ ಫೋನ್ ಮಾಡಿ, ‘ಆ ಸೇತುವೆ ಮ್ಯಾಲೆ ನಡೀಬೇಕಂತ ಹುಡುಗ್ರು ಹಟ ಹಿಡ್ದಾವ’ ಅಂದಿದ್ದರು.

ಸೇಂಟ್ ಮೇರೀಸ್ ದ್ವೀಪದ್ದೂ ಇದೇ. ಕಂಬ ಕಂಬವಾಗಿ ನಿಂತ ಆ ಕಪ್ಪು ಕಲ್ಲಿನ ಫೋಟೋ ಹನ್ನೆರಡು ತಿಂಗಳೂ ಟೂರ್ ಪ್ಯಾಕೇಜಿನ ಪೋಸ್ಟರಿನಲ್ಲಿ ಇರುತ್ತದೆ. ಮಲ್ಪೆಯಿಂದ ಬೋಟ್ ಮಳೆಗಾಲದಲ್ಲಿ ಹೋಗುವುದಿಲ್ಲ. ಜುಲೈಯಲ್ಲಿ ‘ಉಡುಪಿ, ಮಲ್ಪೆ, ಸೇಂಟ್ ಮೇರೀಸ್’ ಅಂತ ಪ್ಯಾಕೇಜ್ ಮಾರುವವನಿಗೆ ಅದು ಗೊತ್ತಿಲ್ಲದೆ ಇಲ್ಲ. ನಮಗೆ ಇದು ಸುಲಭವಾಗಿ ಕಾಣುತ್ತದೆ, ಯಾಕೆಂದರೆ ಕಡಲು ನಮ್ಮದು. ನಾವು ಘಟ್ಟ ಹತ್ತಿ ಪಾರ್ಕಿಗೆ ಹೋದಾಗ ಆ ಹುಬ್ಬಳ್ಳಿಯ ದೊಡ್ಡಮ್ಮನ ಸ್ಥಾನದಲ್ಲಿ ನಾವು ನಿಂತಿರುತ್ತೇವೆ.

ಕೆಳಗೆ ಸಣ್ಣದಾಗಿ ‘ಷರತ್ತು ಅನ್ವಯ’ ಅಂತ ಹಾಕಿದರೆ ಅವರು ಬಚಾವಾ?

ಇಲ್ಲ. 2022ರ ಜೂನ್ 9ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಷರತ್ತಿನ ಸಾಲು ಹೇಗಿರಬೇಕು ಅಂತ ಅದರಲ್ಲಿ ಬಿಡಿಸಿ ಹೇಳಿದೆ. ಜಾಹೀರಾತು ಯಾವ ಭಾಷೆಯಲ್ಲಿ ಇದೆಯೋ ಷರತ್ತೂ ಅದೇ ಭಾಷೆಯಲ್ಲಿ ಇರಬೇಕು. ಅಕ್ಷರದ ಫಾಂಟೂ ಅದೇ ಇರಬೇಕು. ಸಾಮಾನ್ಯ ದೃಷ್ಟಿಯವರು ಸಾಕಷ್ಟು ದೂರದಿಂದ ಒಂದು ಸಲ ಓದಿದರೆ ತಿಳಿಯುವಂತಿರಬೇಕು. ಮುಖ್ಯವಾದ ವಿಷಯವನ್ನು ಷರತ್ತಿನ ಸಾಲಿನಲ್ಲಿ ಅಡಗಿಸಬಾರದು. ತಪ್ಪು ಹೇಳಿಕೆಯನ್ನು ಅದರಿಂದ ತಿದ್ದುವುದೂ ಆಗುವುದಿಲ್ಲ.

ಇದನ್ನು ಓದಿದಾಗ ನನಗೆ ನಗು ಬಂತು. ನಾವು ಕನ್ನಡ ಫ್ಲೆಕ್ಸಿನ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸ್ಟಾರ್ ಹಾಕಿ, ಅಡಿಯಲ್ಲಿ ಇರುವೆ ಸಾಲಿನ ಹಾಗೆ ಷರತ್ತು ಕೂರಿಸುತ್ತಿದ್ದೆವು. ಹೆದ್ದಾರಿ 66ರಲ್ಲಿ ಬಸ್ಸಿನಿಂದ ಅದನ್ನು ಓದುವವನು ಹದ್ದೇ ಆಗಬೇಕು.

ಕಾನೂನು ಏನು ಹೇಳುತ್ತದೆ? ಸುಲಭವಾಗಿ ಹೇಳಿ.

ಈಗ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಜಾರಿಗೆ ಬಂದದ್ದು 2020ರ ಜುಲೈಯಲ್ಲಿ. ಸೇವೆಯ ಬಗ್ಗೆ ಸುಳ್ಳು ವಿವರ ಕೊಟ್ಟರೆ ಅದು ದಾರಿ ತಪ್ಪಿಸುವ ಜಾಹೀರಾತು. ಮುಖ್ಯವಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಟ್ಟರೂ ಅದೇ. ಈ ಎರಡನೆಯದು ನೆನಪಿಡಿ. ‘ನಾವು ಸುಳ್ಳು ಹೇಳಿಲ್ಲ, ರೈಡ್ ಇದೆಯಲ್ಲ’ ಅನ್ನುವ ವಾದಕ್ಕೆ ಉತ್ತರ ಅಲ್ಲಿದೆ.

ಪ್ರಾಧಿಕಾರ ಇಂಥ ಜಾಹೀರಾತನ್ನು ನಿಲ್ಲಿಸಲು ಹೇಳಬಹುದು, 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ. ಕೋಚಿಂಗ್ ಸೆಂಟರುಗಳ ಮೇಲೆ ದಂಡ ಬಿದ್ದ ಸುದ್ದಿ ನೀವು ಓದಿರಬಹುದು. ಅಲ್ಲಿ ಫೋಟೋದಲ್ಲಿದ್ದ ರ‍್ಯಾಂಕ್ ವಿದ್ಯಾರ್ಥಿಗಳು ನಿಜವಾಗಿಯೂ ಆ ಸೆಂಟರಿಗೆ ಸೇರಿದವರೇ. ಆದರೆ ಯಾವ ಕೋರ್ಸಿಗೆ ಸೇರಿದ್ದರು ಅನ್ನುವುದನ್ನು ಮುಚ್ಚಿಟ್ಟಿದ್ದರು. ಪಾರ್ಕಿನ ಮುಚ್ಚಿದ ರೈಡಿಗೂ ಇದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

2022ರ ಮಾರ್ಗಸೂಚಿಯಲ್ಲಿ ಮಕ್ಕಳಿಗಾಗಿ ಬೇರೆ ಭಾಗವೇ ಇದೆ. ಮಕ್ಕಳಲ್ಲಿ ಇಲ್ಲದ ಆಸೆ ಹುಟ್ಟಿಸುವಂತೆ ಉತ್ಪ್ರೇಕ್ಷೆ ಮಾಡಬಾರದು ಅಂತ. ಗಾಳ ಹಾಕುವ ಜಾಹೀರಾತಿಗೂ ಅಲ್ಲಿ ನಿಯಮ ಇದೆ: ಹೇಳಿದ ಬೆಲೆಗೆ ಹೇಳಿದ್ದನ್ನು ಕೊಡುವ ಸಾಧ್ಯತೆ ಇಲ್ಲದೆ ಜನರನ್ನು ಕರೆಯಬಾರದು.

ಈಗ ಎಐ ಚಿತ್ರ ಹಾಕುತ್ತಾರಲ್ಲ, ಗುರುತಿಸುವುದು ಹೇಗೆ?

2024ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಒಂದು ಪ್ರಸಂಗ ಆಯಿತು. ಮಕ್ಕಳಿಗೆ ಚಾಕೊಲೇಟ್ ಲೋಕ ತೋರಿಸುತ್ತೇವೆ ಅಂತ ಎಐಯಿಂದ ಮಾಡಿದ ಬಣ್ಣ ಬಣ್ಣದ ಚಿತ್ರ ಹಾಕಿ, 35 ಪೌಂಡ್‌ವರೆಗೂ ಟಿಕೆಟ್ ಮಾರಿದರು. ನಮ್ಮ ದುಡ್ಡಿನಲ್ಲಿ ಮೂರೂವರೆ ಸಾವಿರಕ್ಕೂ ಜಾಸ್ತಿ. ಹೋಗಿ ನೋಡಿದರೆ ಬಹುಪಾಲು ಖಾಲಿ ಗೋದಾಮು. ಅಲ್ಲಲ್ಲಿ ನಾಲ್ಕು ಅಲಂಕಾರ, ಒಂದು ಗಾಳಿ ತುಂಬಿದ ಜಿಗಿಯುವ ಕೋಟೆ. ಮಕ್ಕಳಿಗೆ ಒಂದೆರಡು ಜೆಲ್ಲಿ ಮಿಠಾಯಿ, ಸ್ವಲ್ಪ ಶರಬತ್ತು. ಅಪ್ಪ ಅಮ್ಮಂದಿರ ಸಿಟ್ಟಿಗೆ ಪೊಲೀಸರು ಬರಬೇಕಾಯಿತು. ಕಾರ್ಯಕ್ರಮ ಅರ್ಧಕ್ಕೇ ನಿಂತಿತು.

ಆ ಜಾಹೀರಾತಿನಲ್ಲಿ ಸುಳಿವು ಇತ್ತು. ಚಿತ್ರದೊಳಗಿನ ಇಂಗ್ಲಿಷ್ ಪದಗಳು ಯಾವ ನಿಘಂಟಿನಲ್ಲೂ ಇಲ್ಲದಂಥವು. ಡಿಸೈನರ್ ಕಣ್ಣಿನಿಂದ ಹೇಳುವುದಾದರೆ ಚಿತ್ರದೊಳಗಿನ ಬೋರ್ಡುಗಳನ್ನು ಓದಿ. ಕನ್ನಡ ಅಕ್ಷರ ಇದ್ದರೆ ಇನ್ನೂ ಬೇಗ ಸಿಕ್ಕಿಬೀಳುತ್ತದೆ, ಒತ್ತಕ್ಷರ ಎಲ್ಲೆಲ್ಲೋ ನೇತಾಡುತ್ತಿರುತ್ತದೆ. ಆಮೇಲೆ ಬೆರಳು ಎಣಿಸಿ, ರೈಡಿನ ಕಂಬಗಳು ನೆಲಕ್ಕೆ ಮುಟ್ಟಿವೆಯಾ ನೋಡಿ. ಎಲ್ಲಕ್ಕಿಂತ ಸುಲಭದ್ದು, ಮ್ಯಾಪಿನಲ್ಲಿ ಜನ ಹಾಕಿದ ಫೋಟೋಗಳನ್ನು ಹೊಸದು ಮೊದಲು ಬರುವಂತೆ ಜೋಡಿಸಿ ನೋಡುವುದು. ಕಳೆದ ವಾರದ ಫೋಟೋದಲ್ಲಿ ಪಾಚಿ ಕಟ್ಟಿದ ಕೊಳ ಇದ್ದರೆ ಅದೇ ನಿಮಗೆ ಸಿಗುವ ಕೊಳ.

ರೀಲ್ಸ್ ಮಾಡುವವರು ‘ಸೂಪರ್ ಉಂಟು ಗಾಯ್ಸ್’ ಅನ್ನುತ್ತಾರೆ. ನಂಬಬಹುದಾ?

ದುಡ್ಡು ಅಥವಾ ಫ್ರೀ ಟಿಕೆಟ್ ಪಡೆದು ಹೇಳಿದರೆ ಅದನ್ನು ಎದ್ದು ಕಾಣುವಂತೆ ತಿಳಿಸಬೇಕು ಅಂತ ನಿಯಮ ಇದೆ. ಎಷ್ಟೋ ಜನ ತಿಳಿಸುವುದಿಲ್ಲ. ವಿಡಿಯೋದಲ್ಲಿ ಕ್ಯೂ ಕಾಣದಿದ್ದರೆ, ಹಿಂದೆ ಯಾರೂ ಇಲ್ಲದಿದ್ದರೆ, ಅದು ಬಿಡುವಿನ ದಿನ ಕರೆಸಿ ಮಾಡಿಸಿದ್ದು ಅಂತ ಅಂದಾಜು ಮಾಡಿ.

ಆನ್‌ಲೈನ್‌ನಲ್ಲಿ ಒಂದು ಬೆಲೆ, ಕೊನೆಗೆ ಇನ್ನೊಂದು ಬೆಲೆ. ಇದಕ್ಕೇನಾದರೂ ಉಂಟಾ?

2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಇಂಥ 13 ಕುತಂತ್ರಗಳ ಪಟ್ಟಿ ಇದೆ. ಮೊದಲು ಕಡಿಮೆ ತೋರಿಸಿ ಕೊನೆಗೆ ಚಾರ್ಜ್ ಸೇರಿಸುವುದು, ‘ಇನ್ನು 3 ಟಿಕೆಟ್ ಮಾತ್ರ’ ಅಂತ ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಊಟದ ಕೂಪನ್ ಬುಟ್ಟಿಗೆ ಹಾಕುವುದು ಎಲ್ಲ ಅದರಲ್ಲಿವೆ. ದುಡ್ಡು ಕಟ್ಟುವ ಮೊದಲು ಕೊನೆಯ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಲಾಕರ್, ಈಜು ಬಟ್ಟೆ, ಪಾರ್ಕಿಂಗ್ ಬೇರೆ. ಬಟ್ಟೆಗೆ ನಿಯಮ ಇರುತ್ತದೆ, ಹತ್ತಿ ಬಟ್ಟೆ ಹಾಕಿದರೆ ನೀರಿಗೆ ಬಿಡದ ಪಾರ್ಕ್ ಜಾಸ್ತಿ. ಒಂಬತ್ತು ಜನಕ್ಕೆ ಬಾಡಿಗೆ ಬಟ್ಟೆ ತೆಗೆದ ಭಾವನ ಮುಖ ನನಗೆ ಇನ್ನೂ ನೆನಪಿದೆ.

ಹೋಗುವ ಮೊದಲು ಫೋನ್ ಮಾಡಿದರೆ ಏನು ಕೇಳಬೇಕು?

‘ಎಲ್ಲ ರೈಡ್ ಉಂಟಾ?’ ಅಂತ ಮಾತ್ರ ಕೇಳಬೇಡಿ. ಆ ಪ್ರವಾಸ ಆದ ಮೇಲೆ ನಾನು ಬೇರೆ ಒಂದು ಪಾರ್ಕಿಗೆ ಮಾಡಿದ ಫೋನ್ ಹೀಗಿತ್ತು:

‘ಮೇಡಂ, 14ನೇ ತಾರೀಕು ಬರ್ತಾ ಇದ್ದೇವೆ, ಒಂಬತ್ತು ಜನ. ಎಲ್ಲ ರೈಡ್ ನಡೀತಿದೆಯಾ?’

‘ನಡೀತಿದೆ ಸರ್.’

‘ವೇವ್ ಪೂಲ್?’

‘ಇದೆ ಸರ್.’

‘ಇದೆ ಅಂತ ಗೊತ್ತು ಮೇಡಂ. ನಿನ್ನೆ ಓಡಿದೆಯಾ?’

ಸ್ವಲ್ಪ ಹೊತ್ತು ಸದ್ದಿಲ್ಲ. ‘ಒಂದ್ನಿಮಿಷ ಸರ್, ಕೇಳಿ ಹೇಳ್ತೀನಿ.’

ಆ ‘ಕೇಳಿ ಹೇಳ್ತೀನಿ’ ಬರುವವರೆಗೆ ನಿಮಗೆ ಸಿಕ್ಕಿದ್ದು ಬಾಯಿಪಾಠ. ವೇವ್ ಪೂಲ್ ಹತ್ತು ದಿನದಿಂದ ಬಂದ್ ಇತ್ತು. ಆಕೆ ಮುಚ್ಚಿಡಲಿಲ್ಲ, ಪಾಪ, ಅವರಿಗೂ ಯಾರೂ ಹೇಳಿರಲಿಲ್ಲ. ನಾವು ದಿನ ಮುಂದೆ ಹಾಕಿದೆವು.

‘ನಿನ್ನೆ’ ಅನ್ನುವ ಪದ ಇಟ್ಟು ಕೇಳಿ. ಆಮೇಲೆ ಅದನ್ನೇ ವಾಟ್ಸಾಪಿನಲ್ಲೋ ಮೇಲ್‌ನಲ್ಲೋ ಬರೆದು, ‘ಸರಿ ಸರ್’ ಅಂತ ಒಂದು ಉತ್ತರ ತರಿಸಿಕೊಳ್ಳಿ. ದೂರು ಕೊಡುವ ಪ್ರಸಂಗ ಬಂದರೆ ಬಾಯಿಮಾತು ನಿಲ್ಲುವುದಿಲ್ಲ.

ಅಲ್ಲಿಗೆ ಹೋದ ಮೇಲೆ ರೈಡ್ ಬಂದ್ ಅಂತ ಗೊತ್ತಾದರೆ?

ಮೊದಲು ಫೋಟೋ: ಮುಚ್ಚಿದ ರೈಡ್, ಅಲ್ಲಿ ಹಾಕಿದ ನೋಟಿಸ್, ಹೊರಗಿನ ಬೋರ್ಡ್. ಮೂರೂ ಒಂದೇ ದಿನದ್ದು ಇರಬೇಕು. ಟಿಕೆಟ್, ಕೈಪಟ್ಟಿ ಎಸೆಯಬೇಡಿ. ರೈಡಿನ ಹತ್ತಿರ ನಿಂತ ಹುಡುಗನ ಮೇಲೆ ಕೂಗಾಡಿ ಪ್ರಯೋಜನ ಇಲ್ಲ, ಬಿಸಿಲಿನಲ್ಲಿ ನಿಂತವನು ಅವನು. ಗೆಸ್ಟ್ ರಿಲೇಷನ್ ಕೌಂಟರಿಗೆ ಹೋಗಿ, ಮ್ಯಾನೇಜರನ್ನು ಕೇಳಿ, ದೂರಿನ ಪುಸ್ತಕದಲ್ಲಿ ಬರೆಯಿರಿ, ಬರೆದ ಪುಟದ ಫೋಟೋ ತೆಗೆಯಿರಿ. ಬೇಗ ಹೋದಷ್ಟೂ ಒಳ್ಳೆಯದು. ಬೆಳಗ್ಗೆ 11ಕ್ಕೆ ಹೋದರೆ ದುಡ್ಡಿನ ಮಾತು ನಡೆಯುತ್ತದೆ, ಸಂಜೆ 5ಕ್ಕೆ ಹೋದರೆ ‘ದಿನವಿಡೀ ಆಡಿದ್ದೀರಲ್ಲ ಸರ್’ ಅನ್ನುತ್ತಾರೆ. ನಾವು ಹೋದದ್ದು 5ಕ್ಕೆ.

ಟಿಕೆಟಿನಲ್ಲಿ ‘ಹಣ ವಾಪಸ್ ಇಲ್ಲ, ವ್ಯಾಜ್ಯ ಬೆಂಗಳೂರಿನಲ್ಲಿ ಮಾತ್ರ’ ಅಂತ ಅಚ್ಚು ಹಾಕಿದ್ದಾರೆ. ಮುಗೀತಾ?

ಮುಗಿಯಲಿಲ್ಲ. ಗ್ರಾಹಕ ತಾನು ವಾಸ ಮಾಡುವ ಅಥವಾ ಕೆಲಸ ಮಾಡುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು ಅಂತ 2019ರ ಕಾಯ್ದೆಯಲ್ಲೇ ಇದೆ. ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಉಡುಪಿಯವರು ಉಡುಪಿಯಲ್ಲಿ, ಮಂಗಳೂರಿನವರು ಮಂಗಳೂರಿನಲ್ಲಿ. ‘ಹಣ ವಾಪಸ್ ಇಲ್ಲ’ ಅನ್ನುವ ಸಾಲು ಇದ್ದ ಮಾತ್ರಕ್ಕೆ ಸೇವೆಯ ಕೊರತೆ ಮಾಫಿ ಆಗುವುದಿಲ್ಲ.

ದೂರು ಎಲ್ಲಿ, ಹೇಗೆ? ಖರ್ಚೆಷ್ಟು?

ಮೊದಲು ಪಾರ್ಕಿಗೇ ಮೇಲ್ ಹಾಕಿ. ಒಂದು ವಾರ, ಹತ್ತು ದಿನ ನೋಡಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸುತ್ತಾರೆ. ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ, ಆದರೆ ಎಷ್ಟೋ ವಿಷಯ ಅಲ್ಲೇ ಬಗೆಹರಿಯುತ್ತದೆ.

ದುಡ್ಡು ಬೇಡ, ಆ ಜಾಹೀರಾತು ಬದಲಾಗಬೇಕು ಅಂತಿದ್ದರೆ ಜಾಹೀರಾತು ಉದ್ಯಮದವರೇ 1985ರಲ್ಲಿ ಕಟ್ಟಿಕೊಂಡ ಸ್ವಯಂ ನಿಯಂತ್ರಣ ಸಂಸ್ಥೆ ಇದೆ, ಎಎಸ್‌ಸಿಐ ಅಂತ. ಜಾಹೀರಾತಿನ ಫೋಟೋ ಕಳಿಸಿದರೆ ಸಾಕು, ಶುಲ್ಕ ಇಲ್ಲ.

ಪರಿಹಾರವೇ ಬೇಕು ಅಂದರೆ ಜಿಲ್ಲಾ ಆಯೋಗ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಪಾರ್ಕ್ ಟಿಕೆಟ್ ಅಲ್ಲಿಯವರೆಗೆ ಹೋಗಲಿಕ್ಕಿಲ್ಲ ಬಿಡಿ. ವಕೀಲರು ಕಡ್ಡಾಯ ಅಲ್ಲ. ಎರಡು ವರ್ಷದ ಒಳಗೆ ಹಾಕಬೇಕು. ಇ-ಜಾಗೃತಿ ಅನ್ನುವ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ಸಲ್ಲಿಸಬಹುದು. ಹಣದ ಜೊತೆ ಪ್ರಯಾಣದ ಖರ್ಚು, ಮಾನಸಿಕ ಕಿರಿಕಿರಿಗೂ ಪರಿಹಾರ ಕೇಳಬಹುದು. ಎಷ್ಟು ಕೊಡುವುದು ಅನ್ನುವುದು ಆಯೋಗಕ್ಕೆ ಬಿಟ್ಟದ್ದು. ಬೇಗ ಆಗುತ್ತದೆ ಅಂತ ಮಾತ್ರ ನಾನು ಹೇಳುವುದಿಲ್ಲ.

ಶಾಲಾ ಪ್ರವಾಸದಲ್ಲಿ ಹೀಗಾದರೆ?

ಚೀಟಿ ಬಂದಾಗಲೇ ಕೇಳಿ. ಡಿಸೆಂಬರಿನಲ್ಲಿ ಹತ್ತಾರು ಶಾಲೆಗಳ ಬಸ್ ಒಂದೇ ಪಾರ್ಕಿಗೆ ಹೋಗಿರುತ್ತದೆ. ಆ ದಿನ ಎಲ್ಲ ರೈಡ್ ಓಡಿದರೂ ಒಂದು ಮಗುವಿಗೆ ಎಷ್ಟು ಸಿಗುತ್ತದೆ ಅನ್ನುವುದು ಕ್ಯೂ ನೋಡಿದರೆ ಗೊತ್ತಾಗುತ್ತದೆ. ಟೀಚರನ್ನು ಬೈಯಬೇಡಿ, ಅವರಿಗೆ ತೋರಿಸಿದ್ದೂ ಅದೇ ಬಣ್ಣದ ಪೋಸ್ಟರ್.

ನೀವು ದೂರು ಕೊಟ್ಟಿರಾ? ಏನಾಯಿತು?

ಮೇಲ್ ಹಾಕಿದೆ. ಲ್ಯಾಮಿನೇಷನ್ ಹಾಳೆಯ ಫೋಟೋ, ಹೊರಗಿನ ಬೋರ್ಡಿನ ಫೋಟೋ ಎರಡೂ ಪಕ್ಕ ಪಕ್ಕ ಇಟ್ಟು. ಎಂಟು ದಿನ ಕಳೆದು ಉತ್ತರ ಬಂತು. ತೊಂದರೆಗೆ ವಿಷಾದ, ಮುಂದಿನ ಆರು ತಿಂಗಳಲ್ಲಿ ಯಾವಾಗ ಬೇಕಾದರೂ ಬನ್ನಿ, ನಾಲ್ಕು ಟಿಕೆಟ್ ಫ್ರೀ. ಅಮ್ಮನಿಗೆ ಓದಿ ಹೇಳಿದೆ. ‘ಪುನಃ ಅಲ್ಲಿಗೇ ಹೋಗಬೇಕಾ?’ ಅಂದರು. ನಾಲ್ಕು ಫ್ರೀ ಟಿಕೆಟಿಗೆ ಒಂಬತ್ತು ಜನರ ಗಾಡಿ ಬಾಡಿಗೆ ಯಾರು ಕೊಡುತ್ತಾರೆ! ಟಿಕೆಟಿನ ಅವಧಿ ಹಾಗೇ ಮುಗಿಯಿತು. ಮೇಲ್ ಇಂದಿಗೂ ಇದೆ. ಆಯೋಗಕ್ಕೆ ಹೋಗಬೇಕಿತ್ತು ಅಂತ ಈಗ ಅನ್ನಿಸುತ್ತದೆ, ಆಗ ಸೋಮಾರಿತನ ಮಾಡಿದೆ.

ಒಂದು ಬದಲಾವಣೆ ಆಗಿದೆ. ಮೊನ್ನೆ ಆ ಪಾರ್ಕಿನ ವೆಬ್‌ಸೈಟ್ ನೋಡಿದೆ, ಕೆಂಪು ಕೋಸ್ಟರಿನ ಚಿತ್ರ ತೆಗೆದಿದ್ದಾರೆ. ನನ್ನ ಮೇಲ್‌ನಿಂದಲೋ ರೈಡೇ ಹೋಯಿತೋ, ದೇವರಿಗೇ ಗೊತ್ತು.

ಹಾಗಾದರೆ ಮಕ್ಕಳನ್ನು ಕರೆದುಕೊಂಡು ಹೋಗುವುದೇ ಬೇಡವಾ?

ಹೋಗಿ, ಸುಮ್ನೆ ಹೆದರಬೇಡಿ. ಅಷ್ಟೆಲ್ಲ ಆದರೂ ಮಗಳು ಆ ದಿನ ಮಕ್ಕಳ ಕೊಳದಲ್ಲಿ ಬಕೆಟ್ ಮಗುಚಿ ನೀರು ಬೀಳುವ ಜಾಗದಿಂದ ನಾಲ್ಕು ಗಂಟೆ ಹೊತ್ತು ಅಲುಗಾಡಲಿಲ್ಲ. ಬೆರಳೆಲ್ಲ ಸುಕ್ಕುಗಟ್ಟಿ, ತುಟಿ ನೀಲಿಯಾಗಿ, ‘ಇನ್ನೊಂದೇ ಸಲ’ ಅನ್ನುತ್ತಿದ್ದಳು. ಆ ಬಕೆಟ್ ಯಾವ ಜಾಹೀರಾತಿನಲ್ಲೂ ಇರಲಿಲ್ಲ.

ಮಗನ ವಿಷಯ ಬೇರೆ. ಅಡುಗೆ ಕೋಣೆಯ ಬಾಗಿಲಿನಲ್ಲಿ ಪೆನ್ಸಿಲ್ ಗೆರೆಗಳಿವೆ. 118, 121, 124. ಕಳೆದ ಭಾನುವಾರ 127. ಮೇಲೆ 140ರಲ್ಲಿ ಅವನೇ ಕೆಂಪು ಸ್ಕೆಚ್ ಪೆನ್ನಿನಿಂದ ಒಂದು ಗೆರೆ ಹಾಕಿಟ್ಟಿದ್ದಾನೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಾಗ ಹಿಮ್ಮಡಿ ಎತ್ತುತ್ತಾನೆ, ಅವನ ಅಮ್ಮ ತಲೆ ಮೇಲೆ ಸ್ಕೇಲ್ ಇಟ್ಟು ಒತ್ತುತ್ತಾಳೆ.